ಅರ್ಧ ಮಡಿಸಿದ ಕಂಬಳಿ

ನಿಮ್ಮ ಮುಂದೆ ಮುಚ್ಚುಮರೆ ಏಕೆ? ಸತ್ತವರು ಬಂದು ಎಡೆ ಉಣ್ಣುತ್ತಾರೆ ಎಂಬುದನ್ನು ನಾನು ನಂಬಿದವನೇ ಅಲ್ಲ. ಪಿತೃಪಕ್ಷದಲ್ಲಿ ನನಗಿದ್ದ ಆಸಕ್ತಿ ಬಾಡೂಟದ ಮಟ್ಟಿಗೆ ಮಾತ್ರ. ಹನಕೆರೆ ಹತ್ತಿರದ ಸೋದರಮಾವನ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ಕಂಡ ಮೇಲೂ ನಂಬಿಕೆ ಬಂತು ಎನ್ನಲಾರೆ. ಆದರೆ ಮೊದಲಿನ ಹಾಗೆ ನಗುವುದಕ್ಕೂ ಆಗುತ್ತಿಲ್ಲ.

ಮಾವ ಸೈನ್ಯದಿಂದ ನಿವೃತ್ತರಾಗಿ ಬಂದವರು. ಊರಿಗೆಲ್ಲ ‘ಮಿಲಿಟ್ರಿ ಗೌಡ್ರು’. ಯುದ್ಧದ ಕಥೆ ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ; ಹಿಮದಲ್ಲಿ ಚಪಾತಿ ಲಟ್ಟಿಸಿದ ಕಥೆಯನ್ನು ಮಾತ್ರ ನೂರು ಸಲ ಹೇಳುತ್ತಿದ್ದರು. ಕಬ್ಬಿನ ಸಾಲಿಗೆ ಹಗ್ಗ ಹಿಡಿದು ನೇರ ನೋಡುತ್ತಿದ್ದರು. ಹೆಣ್ಣುಮಕ್ಕಳಿಬ್ಬರಿಗೆ ತಾವೇ ಜಡೆ ಹೆಣೆದು ಶಾಲೆಗೆ ಕಳಿಸಿದವರು; ಆ ಜಡೆಯೂ ಅಷ್ಟೇ ನೇರ. ಬೆಳಗ್ಗೆ ಎದ್ದೊಡನೆ ಕಂಬಳಿಯನ್ನು ಇಟ್ಟಿಗೆಯಂತೆ ಮಡಿಸಿಡಬೇಕು. ಅಂಚನ್ನು ಒಳಗೆ ತಿರುವಿ ಎಳೆಯುವ ಆ ಪಟ್ಟು ಮನೆಯಲ್ಲಿ ಯಾರಿಗೂ ಹತ್ತಲಿಲ್ಲ.

“ನಲವತ್ ವರ್ಸ ನೋಡಿದ್ರೂ ಬರಾಕಿಲ್ವಲ್ಲೇ,” ಎಂದು ಮಾವ ಛೇಡಿಸಿದರೆ, “ನಾನೇನ್ ನಿಮ್ ಪಟಾಲಂನೋಳಾ? ನೀವೇ ಮಡಿಸ್ಕಳಿ,” ಎನ್ನುತ್ತಿದ್ದರು ಅತ್ತೆ.

ಮಳವಳ್ಳಿಯ ಕಿರಿಮಗಳ ಬಾಣಂತನಕ್ಕೆ ಅತ್ತೆ ಹೋಗಿದ್ದಾಗ ಮಾವ ಫೋನು ಮಾಡಿ “ಯಾವಾಗ ಬತ್ತೀಯೆ?” ಎಂದರಂತೆ. “ಇನ್ನೆರಡ್ ದಿನ ಬುಡಿ, ನೀವೇನ್ ಎಳೇ ಕೂಸಾ?” ಎಂದು ರೇಗಿ ಅತ್ತೆ ಫೋನಿಟ್ಟರು. ಮರುದಿನ ಬೆಳಗ್ಗೆ ಮಾವ ಜಗಲಿಯ ಮೇಲೆ ಕೂತಲ್ಲೇ ತೀರಿಕೊಂಡರು. ತನ್ನ ಮೇಲೆ ಸಿಟ್ಟಿಟ್ಟುಕೊಂಡೇ ಹೋದರು ಎಂಬ ಕೊರಗು ಅತ್ತೆಗೆ ಹಿಡಿಯಿತು. ಅನ್ನ ಸೇರದೆ ಕಡ್ಡಿಯಾದರು.

ವರ್ಷ ತುಂಬಿ ಮೊದಲ ಪಕ್ಷ ಬಂತು. ಸಂಜೆ ಹೊತ್ತಿಗೆ ಮಾವನಿಗೆ ಪ್ರಿಯವಾದ ತಲೆಮಾಂಸದ ಸಾರು, ಮುದ್ದೆ, ವಡೆ, ಹೊಸ ಪಂಚೆ ಎಲ್ಲ ಇಟ್ಟೆವು. ಅತ್ತೆ ಟ್ರಂಕಿನಿಂದ ಆ ಕಂಬಳಿಯನ್ನೂ ತೆಗೆಸಿದರು. ಅದನ್ನು ಮುದುರಿ ಒಯ್ದು ಎಲೆಯ ಪಕ್ಕದ ಚಾಪೆಯ ಮೇಲೆ ಎಸೆದವನು ನಾನೇ. ಎಡೆ ಇಟ್ಟ ಮೇಲೆ ಎಲ್ಲರೂ ಹೊರಬಂದು ಬಾಗಿಲು ಮುಚ್ಚಿ, ಹಿರಿಯರು ಉಂಡು ಏಳಲಿ ಎಂದು ಕಾಯಬೇಕು. ಆಮೇಲೆ ಕೆಮ್ಮಿ, ಸದ್ದು ಮಾಡಿ ಒಳಗೆ ಹೋಗಬೇಕು. ನಾವು ಎಡೆ ಇಟ್ಟದ್ದು ಒಂದೇ ಬಾಗಿಲಿನ ಕೋಣೆಯಲ್ಲಿ. ಕಿಟಕಿಗೆ ಒಳಗಿನಿಂದ ಚಿಲಕ. ಕೊನೆಗೆ ಬಾಗಿಲೆಳೆದು ಬಂದವನೂ ನಾನೇ. ಮನೆಮಂದಿಯೆಲ್ಲ ನಡುಮನೆಯಲ್ಲಿ ಕೂತೆವು.

“ಅವ್ರು ಬರಾಕಿಲ್ಲ ಕಣಪ್ಪ. ನನ್ ಕೈ ಅಡ್ಗೆ ಮುಟ್ಟಾಕಿಲ್ಲ,” ಎಂದರು ಅತ್ತೆ.

ಅಷ್ಟರಲ್ಲಿ ಒಳಗೆ ಮರೆತು ಬಂದಿದ್ದ ನನ್ನ ಮೊಬೈಲು ಬಡಿದುಕೊಳ್ಳತೊಡಗಿತು. ನಾನು ಎದ್ದವನೇ ಬಾಗಿಲು ನೂಕಿಬಿಟ್ಟೆ.

“ಲೇ, ಕೆಮ್ಲಾ ಮೊದ್ಲು! ಉಣ್ತಾ ಕೂತೋರ್ ಮ್ಯಾಲೆ ನುಗ್ತಾರೇನ್ಲಾ?” ಎಂದು ಮಾವನ ಮಗ ಕೂಗಿದ. ತಡವಾಗಿತ್ತು.

ಎಲೆಯ ಮೇಲಿನದೆಲ್ಲ ಇಟ್ಟ ಹಾಗೇ ಇತ್ತು. ಕಂಬಳಿ ಮಾತ್ರ ನಾನು ಎಸೆದ ಹಾಗಿರಲಿಲ್ಲ. ಚಾಪೆಯ ಮೇಲೆ ಚೌಕವಾಗಿ ಹರಡಿತ್ತು. ಎರಡು ಅಂಚುಗಳನ್ನು ಒಳಗೆ ತಿರುವಿ, ಒಂದು ಸುಕ್ಕೂ ಇಲ್ಲದಂತೆ ಬಿಗಿಯಾಗಿ ಎಳೆದಿತ್ತು. ಇನ್ನೆರಡು ಅಂಚು ಸಡಿಲವಾಗಿ ಬಿದ್ದಿದ್ದವು. ಮೊಬೈಲು ಬಡಿದುಕೊಳ್ಳುತ್ತಲೇ ಇತ್ತು, ನಾನು ಮುಟ್ಟಲಿಲ್ಲ.

ಅತ್ತೆ ಬಂದರು. ಬಾಗಿ, ಮಡಿಕೆಯ ಮೇಲೆ ಕೈಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಇನ್ನೊಂದ್ ಗಳ್ಗೆ ತಡ್ಕಂಡಿದ್ರೆ ನಿನ್ ಗಂಟೇನ್ ಓಯ್ತಿತ್ಲಾ, ಮುಂಡೇದೆ!” ಎಂದು ಬೈದು, ಅಳುತ್ತಲೇ ನಕ್ಕರು. “ಸಿಟ್ಟಿದ್ರೆ ಬತ್ತಿದ್ರಾ?” ಎನ್ನುತ್ತಾ ಎಲೆಯ ಮುಂದೆ ಕೂತು ಮುದ್ದೆ ಮುರಿದರು. ವರ್ಷದ ಮೇಲೆ ಅವರು ಹೊಟ್ಟೆತುಂಬ ಉಂಡದ್ದು ಅಂದೇ.

ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದ್ದೇನೆ. ಬೆಕ್ಕು, ಗಾಳಿ, ನನ್ನದೇ ಮರೆವು ಎಲ್ಲವನ್ನೂ ಅನುಮಾನಿಸಿದ್ದೇನೆ. ಪೂರ್ತಿ ಮಡಿಸಿದ್ದರೆ, ಅತ್ತೆಯ ಸಮಾಧಾನಕ್ಕೆಂದು ಯಾರೋ ಹೇಗೋ ಮಾಡಿಟ್ಟರು ಅಂದುಕೊಂಡು ಸುಮ್ಮನಾಗಬಹುದಿತ್ತು. ನಾನು ಬಾಗಿಲು ನೂಕಿದ ಗಳಿಗೆಗೇ ಅದು ಅರ್ಧಕ್ಕೆ ನಿಂತದ್ದೇಕೆ ಎಂಬುದು ಮಾತ್ರ ಇವತ್ತಿಗೂ ನನಗೆ ಬಗೆಹರಿದಿಲ್ಲ.