ಬಿಟ್ಟುಹೋದ ನಾಲ್ಕು ಗೂಡುಗಳು

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ. ಸಾಂಗ್ಲಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವನು ನಾನು. ದೆವ್ವದ ಮಾತು ತೆಗೆದ ಹುಡುಗರನ್ನು ತರಗತಿಯಲ್ಲೇ ಗೇಲಿ ಮಾಡುತ್ತಿದ್ದೆ. ಆ ಜಂಬ ಇಳಿದದ್ದು ಹಾಡಹಗಲಿನಲ್ಲಿ.

ಊರೂರಿಗೆ ಸಹಕಾರಿ ಸಂಘಗಳು ಏಳುತ್ತಿದ್ದ ಕಾಲ. ಬುಧಗಾಂವದ ಆಚೆಯ ಗುಡ್ಡದ ಅರ್ಧ ಭಾಗದಲ್ಲಿ ಒಂದು ಸಂಘದವರು ನೀಲಗಿರಿ ಹಾಕಿದ್ದರು. ಉಳಿದರ್ಧ ಹಳೆಯ ಕಾಡು. ಅದನ್ನೂ ಕಡಿಯುವ ಮುಂಚೆ, ಎರಡೂ ಕಡೆ ಏನೇನು ಜೀವಿಗಳಿವೆ ನೋಡಿ ಬರೆದುಕೊಡಿ ಎಂದು ಕಾಲೇಜನ್ನು ಕೇಳಿದರು. ಗೂಡು ಕಟ್ಟಿ ಗುಂಪಾಗಿ ಬದುಕುವ ಕಡಜದ ಹುಳುಗಳು ನನ್ನ ಪಾಲಿಗೆ ಬಂದವು.

ಕಾಡು ತೋರಿಸಿದವಳು ಗಂಗವ್ವ. ಅಥಣಿ ಕಡೆಯವಳು. ಆ ಕಾಡಿನ ಒಣಕಟ್ಟಿಗೆ ಆಯ್ದು, ಮಾಧವನಗರದಲ್ಲಿ ಮಾರಿ ಮಗಳನ್ನು ಸಾಕುತ್ತಿದ್ದಳು. ಗೂಡು ಕಂಡ ಕೊಂಬೆಗೆಲ್ಲ ಹಳೆ ಸೀರೆಯ ಚಿಂದಿ ಕಟ್ಟುವಳು. ಹಿಂದೆ ಬರುವ ಹೆಂಗಸರು ತಿಳಿಯದೆ ಕೈ ಹಾಕದಿರಲಿ ಎಂದು. ಕಾಡಿನಲ್ಲಿ ಅವಳು ನನಗೆ ಏಳು ಬಗೆಯ ಕಡಜ ತೋರಿಸಿದಳು. ನೀಲಗಿರಿಯಲ್ಲಿ ಇದ್ದದ್ದು ಅವುಗಳಲ್ಲಿ ಮೂರೇ. ಆ ಮೂರರ ಹೆಸರು ನನ್ನ ಪುಸ್ತಕದಲ್ಲಿತ್ತು. ಉಳಿದ ನಾಲ್ಕರದು ಸಿಗಲಿಲ್ಲ. ಹುಳುಗಳನ್ನು ಪುಣೆಯ ತಜ್ಞರಿಗೆ ಕಳಿಸಿ ಕೇಳಬಹುದಿತ್ತು, ಸೋಮಾರಿತನ. ಅಲ್ಲಿ ಮೂರು, ಇಲ್ಲಿ ಮೂರು ಎಂದು ಬರೆದುಕೊಟ್ಟು ಕೈ ತೊಳೆದುಕೊಂಡೆ.

ಎರಡೂ ಒಂದೇ ಅಂದಮೇಲೆ ಕಾಡು ಯಾಕೆ ಎಂದು ಸಂಘದವರು ಕೊಡಲಿ ಹಾಕಿಸಿದರು. ನನ್ನ ವರದಿಯ ಸುದ್ದಿ ಕೇಳಿ ಗಂಗವ್ವ ನನ್ನನ್ನು ಹುಡುಕಿಕೊಂಡು ಕಾಲೇಜಿಗೆ ಬಂದಳು.

"ಉಳದ ನಾಕು ಎಲ್ಲಿ ಬಿಟ್ರಿ, ಮಾಸ್ತರ್ರೀ? ನಾ ಕಣ್ಣಾರೆ ತೋರ್ಸಿದ್ನಲ್ಲ?"

"ಅವುಗಳ ಹೆಸರು ಸಿಗಲಿಲ್ಲ, ಗಂಗವ್ವ."

"ಹೆಸರಿಲ್ಲಂದ್ರ ಹುಳಾನೂ ಇಲ್ಲೇನ್ರಿ?"

ನಾಚಿಕೆಯಾಯಿತು. ಅವಳಿಗೊಂದು ಕೆಂಪು ಅಂಚಿನ ಹಸಿರು ಇಳಕಲ್ ಸೀರೆ ಕೊಡಿಸಿ ಕಳಿಸಿದೆ. ಕಾಡಿನ ಕಟ್ಟಿಗೆ ಇಲ್ಲವಾದಮೇಲೆ ಅವಳು ಕೂಲಿಗೆ ಊರೂರು ಅಲೆದಳಂತೆ. ಮೂರನೆಯ ವರ್ಷ ಕೆಮ್ಮು ಹತ್ತಿ ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಸುದ್ದಿ ನನಗೆ ಮುಟ್ಟಿದ್ದು ಎರಡು ತಿಂಗಳ ಮೇಲೆ. ಒಮ್ಮೆಯೂ ನೋಡಲು ಹೋಗಲಿಲ್ಲವಲ್ಲ ಎಂದು ಬಹಳ ಸಂಕಟವಾಯಿತು.

ಆ ಬೇಸಿಗೆಯ ಒಂದು ಮಧ್ಯಾಹ್ನ ಒಬ್ಬನೇ ಗುಡ್ಡ ಹತ್ತಿದೆ. ಕಾಡಿದ್ದ ಜಾಗದಲ್ಲಿ ಆಳೆತ್ತರ ಮೀರಿದ ನೀಲಗಿರಿ ಸಾಲು. ಒಂದು ಕೊಂಬೆಯಲ್ಲಿ ಚಿಂದಿ ಕಂಡಿತು. ಹಸಿರು ಬಟ್ಟೆ, ಕೆಂಪು ಅಂಚು, ಬಣ್ಣ ಸ್ವಲ್ಪವೂ ಮಾಸಿರಲಿಲ್ಲ. ಮುಂದೆ ಇನ್ನೊಂದು. ಇಡೀ ತೋಪು ಸುತ್ತಿದೆ. ನಾಲ್ಕು ಇದ್ದವು. ಯಾವುದರ ಹತ್ತಿರವೂ ಗೂಡಿರಲಿಲ್ಲ. ಆದರೆ ಪ್ರತಿಯೊಂದರ ಕೆಳಗೆ ನಿಂತಾಗಲೂ ಕಡಜಗಳ ಗುಂಯ್ ಎನ್ನುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಎರಡು ಹೆಜ್ಜೆ ಸರಿದರೆ ಇಲ್ಲ. ಒಂದು ಚಿಂದಿ ಬಿಚ್ಚಿಕೊಂಡು ಎದ್ದೆನೋ ಬಿದ್ದೆನೋ ಎಂದು ಇಳಿದೆ.

ಬುಧಗಾಂವದಲ್ಲಿ ಗಂಗವ್ವನ ಮಗಳು ಶಾಂತಾಳಿಗೆ ಅದನ್ನು ತೋರಿಸಿದೆ. ಅವಳು ಮುಟ್ಟಲಿಲ್ಲ.

"ನೀವು ಕೊಟ್ಟ ಸೀರೀದ ಐತ್ರಿ ಇದು. ಅವ್ವ ಒಮ್ಮಿನೂ ಉಡಲಿಲ್ಲ, ಮಡಚಿಟ್ಟ ಘಡೀ ಸುದ್ಧಾ ಮುರೀಲಿಲ್ಲ. ಅದನ್ನ ಉಡಿಸೇ ಮಣ್ಣ ಮಾಡೀವಿ."

ಅಂಥ ಸೀರೆ ಅದೊಂದೇ ಅಲ್ಲ, ಯಾರೋ ಹರಿದು ಕಟ್ಟಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಾದರೆ ನಾಲ್ಕೇ ಯಾಕೆ? ಆ ಸದ್ದು ಯಾವುದರದು? ನನಗೆ ತಿಳಿಯದು, ನಿಮಗೆ ತಿಳಿದರೆ ಹೇಳಿ. ಚಿಂದಿ ನನ್ನ ಹಳೆಯ ವರದಿಯ ಹಾಳೆಯಲ್ಲಿ, ಮೂರನೆಯ ಹೆಸರಿನ ಕೆಳಗೆ ಇದೆ. ಅಲ್ಲಿ ಬರೆಯಬೇಕಾಗಿದ್ದ ನಾಲ್ಕು ಹುಳುಗಳನ್ನು ನಾನು ಮತ್ತೆ ಎಲ್ಲಿಯೂ ಕಂಡಿಲ್ಲ.