ಹೊಸಿಲಿನ ಅರಿಶಿನ

ಮುನಿಯಕ್ಕ ದಿನಾ ಬೆಳಿಗ್ಗೆ ಹೊಸಿಲು ತೊಳೆದು, ಅರಿಶಿನ ಬಳಿದು, ಎರಡು ಹೂವಿಟ್ಟು ಕೈಮುಗಿದ ಮೇಲೆಯೇ ಕಾಫಿ ಕುಡಿಯುವುದು. ಸಿಂಗಸಂದ್ರದಲ್ಲಿ ಹಳೇ ಮನೆಯೊಂದನ್ನು ಕೊಂಡ ಮೇಲೆ ಅಲ್ಲಿಯ ಹೊಸಿಲಿಗೂ ಅದೇ ಪೂಜೆ ಶುರುವಾಯಿತು. ಆ ಮನೆ ವಾಸಕ್ಕಲ್ಲ, ರಿಪೇರಿ ಮಾಡಿಸಿ ಲಾಭಕ್ಕೆ ಮಾರುವುದಕ್ಕೆ. ಓರಗಿತ್ತಿ ಯಮುನಾ ಹಾಗೆಯೇ ಎರಡು ಮನೆ ಮಾರಿ ಕಾರು ಕೊಂಡಿದ್ದಳು. ಆ ಕಾರಿನ ಹಾರನ್ ಕೇಳಿದಾಗಲೆಲ್ಲ ಮುನಿಯಕ್ಕನ ಹೊಟ್ಟೆ ಉರಿಯುತ್ತಿತ್ತು. ದೇವರ ಮುಂದೆ ಕೂತರೂ ಕಿವಿ ಮಾತ್ರ ರಸ್ತೆಯ ಕಡೆಗೇ.

ಯಮುನಾ ಹಾಕಿಸಿದ್ದಕ್ಕಿಂತ ಒಳ್ಳೆಯ ಟೈಲ್ಸನ್ನೇ ಆರಿಸಿ ಹಾಕಿಸಿದಳು. ಆದರೂ ನೋಡಲು ಬಂದವರು ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಗೆಲ್ಲ ಸುತ್ತಾಡಿ, "ಆಮೇಲೆ ಹೇಳ್ತೀವಿ" ಎಂದು ಹೋದವರು ತಿರುಗಿ ಬರಲಿಲ್ಲ.

ಒಂದು ದಿನ ಯಮುನಾ ಬಂದು, ಹೊಸಿಲು ನೋಡಿದವಳೇ ನಕ್ಕಳು. "ಅಕ್ಕಾ, ಇಲ್ಲಿ ಯಾರು ಸಂಸಾರ ಮಾಡ್ತಾವ್ರೆ? ಪೂಜೆ ನಡೀತಿರೋ ಮನೆ ಯಾಕೆ ಮಾರ್ತಾರೆ, ಏನೋ ಕೇಡಾಗಿರ್ಬೇಕು ಅಂತ ಜನ ಹೆದರ್ತಾರೆ. ಮೊದಲ್ನೇ ಅರಿಶಿನ ಮನೆ ಕೊಂಡೋರೇ ಹಚ್ಚಬೇಕು ಕಣಕ್ಕಾ."

ಇಷ್ಟು ಸಣ್ಣ ವಿಷಯವೂ ಇವಳಿಗೇ ಮೊದಲು ಹೊಳೆಯಬೇಕೇ ಎಂದು ಮುನಿಯಕ್ಕನ ಮುಖ ಬಿಸಿಯಾಯಿತು.

"ನನ್ನತ್ರ ಒಂದು ಪಾರ್ಟಿ ಐತೆ, ನಾಳೇನೇ ಕರ್ಕೊಂಡ್ಬರ್ತೀನಿ. ಕಮಿಷನ್ ಗಿಮಿಷನ್ ಏನೂ ಬೇಡ," ಎಂದಳು ಯಮುನಾ.

ಮುನಿಯಕ್ಕ ಹೂವೆರಡನ್ನೂ ಎತ್ತಿ ಕಣ್ಣಿಗೊತ್ತಿಕೊಂಡು, ಒದ್ದೆ ಬಟ್ಟೆಯಿಂದ ಹೊಸಿಲು ಒರೆಸತೊಡಗಿದಳು.

"ಅರಿಶಿನ ಒರೆಸ್ತೀನಿ. ಕೊಳ್ಳೋರನ್ನ ನಾನೇ ಹುಡುಕ್ಕೊಂತೀನಿ. ನೀನು ಯಾರ್ನೂ ಕರ್ಕೊಂಡ್ಬರ್ಬೇಡ ಕಣಮ್ಮ," ಎಂದಳು, ತಲೆ ಎತ್ತದೆ.