ಮುಚ್ಚಳ ತೆಗೆಯುವ ಡಾಕ್ಟರ್

ಮುಚ್ಚಿದ್ದು ಏನೇ ಇರಲಿ, ಮಲ್ಲಣ್ಣ ಡಾಕ್ಟರಿಗೆ ತೆರೆದು ನೋಡದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಓದು ಬೆಟ್ಟದಷ್ಟು, ತಾಳ್ಮೆ ಸಾಸಿವೆಯಷ್ಟೂ ಇಲ್ಲ.

ಕಪನೂರಿನಲ್ಲಿ ನನ್ನದು ಗ್ಯಾಸ್ ಸಿಲಿಂಡರ್ ವ್ಯಾಪಾರ. ಎರಡು ಸಾವಿರದ ಇಸವಿಯ ನಂತರ ಕಲಬುರಗಿಯಲ್ಲಿ ಅವರ ಪ್ರಯೋಗಶಾಲೆಗೆ ನೈಟ್ರೋಜನ್ ಕೊಡುತ್ತಿದ್ದೆ. ಕೆಟ್ಟ ಹೃದಯವನ್ನು ರಿಪೇರಿ ಮಾಡಬಲ್ಲವೆಂಬ ಕೋಶಗಳನ್ನು ಇಲಿಯ ಎಲುಬಿನ ಮಜ್ಜೆಯಿಂದ ತೆಗೆದು, ಪೆಟ್ಟಿಗೆಯಲ್ಲಿಟ್ಟು, ನೈಟ್ರೋಜನ್ ತುಂಬಿಸಿ ಆಮ್ಲಜನಕ ಕಡಿಮೆ ಮಾಡುತ್ತಿದ್ದರು.

"ಹಾರ್ಟ್ ಅಟ್ಯಾಕ್ ಆದ ಜಾಗದಾಗ ಆಮ್ಲಜನಕ ಕಮ್ಮಿ ಇರ್ತದ ಸಾವಕಾರ್ರ. ಈ ಕೋಶ ಅಲ್ಲಿ ಬದುಕಬೇಕು. ಒಳಗ ಕ್ಯಾಲ್ಸಿಯಂ ಏರೋದು ಇಳಿಯೋದೇ ಅದರ ಸನ್ನೆ. ಉಸಿರು ಕಟ್ಟಿದಾಗ ಆ ಸನ್ನೆ ಹೆಂಗ ಬದಲಾಗ್ತದ?"

ಪ್ರಶ್ನೆ ಚೊಕ್ಕ. ಆದರೆ ಉತ್ತರ ಬರುವ ತನಕ ಪೆಟ್ಟಿಗೆ ಮುಚ್ಚಿರಬೇಡವೇ? ಮೋಮಿನಪುರದ ಚಹಾದವನು ಬಂದರೂ ಮುಚ್ಚಳ ಎತ್ತಿ "ನೋಡು, ಇವೇ!" ಎನ್ನುತ್ತಿದ್ದರು. ಅವನಿಗೆ ಕಾಣುತ್ತಿದ್ದದ್ದು ಬಟ್ಟಲಿನ ಕೆಂಪು ನೀರು. ಅಷ್ಟರಲ್ಲಿ ಹೊರಗಿನ ಗಾಳಿ ಒಳಗೆ. ಚೌಕಾಶಿಗೆ ಕೂತವರಿಗೆ ನನ್ನದೊಂದೇ ಬುದ್ಧಿಮಾತು: ಮೊದಲು ಬಾಯಿ ತೆರೆದವನು ಸೋತ. ಡಾಕ್ಟರಿಗೂ ಹೇಳಿದ್ದೆ. ಕೋಣನ ಮುಂದೆ ಕಿನ್ನರಿ.

ಒಮ್ಮೆ ಕಮಲಾಪುರದ ಅವರ ಮನೆಗೆ ಹೋಗಿದ್ದೆವು. ಅವರವ್ವ ಕೆಂಪು ಬಾಳೆಗೊನೆಗಳನ್ನು ಕೋಣೆಯಲ್ಲಿ ಹಣ್ಣಿಗೆ ಹಾಕಿದ್ದರು. ಮಗ ಬಾಗಿಲಿಗೆ ಕೈಯಿಟ್ಟದ್ದೇ ತಡ, ಪಟ್ಟನೆ ಒಂದು ಏಟು.

"ಸಣ್ಣಾಂವ ಇದ್ದಾಗಿಂದ ಇದೇ ಚಟ! ಗಳಿಗಿಗೊಮ್ಮೆ ತಗದ್ರ ಹಣ್ಣ ಆಗ್ತದೇನೋ ಮೂಳಾ?"

"ಕೇಳ್ರಿ ಡಾಕ್ಟ್ರ, ನಿಮ್ಮ ಗುರುಗಳು ಇಲ್ಲೇ ಅದಾರ," ಎಂದೆ. ಹಲ್ಲು ಕಿರಿದರು.

ಪ್ರಯೋಗಶಾಲೆ ಉಳಿಸಬೇಕೋ ಮುಚ್ಚಬೇಕೋ ಎಂದು ನೋಡಲು ಹೊರಗಿನಿಂದ ದೊಡ್ಡವರು ಬಂದ ದಿನವೂ ಡಾಕ್ಟರ ಕೈ ಸುಮ್ಮನಿರಲಿಲ್ಲ. ಅವರು ಬರುವ ಮುಂಚೆ "ಒಂದೇ ಸಲ" ಎಂದು ಮುಚ್ಚಳ ತೆಗೆದರು. ಕ್ಯಾಲ್ಸಿಯಂ ತೋರಿಸುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಪೆಟ್ಟಿಗೆಯಲ್ಲಿ ಉಸಿರು ಕಟ್ಟಿದ ಕೋಶವೂ, ಹೊರಗಿನ ಗಾಳಿಯಲ್ಲಿ ಹಾಯಾಗಿದ್ದ ಕೋಶವೂ ಒಂದೇ ಥರ ಮಿನುಗಿದವು. ಪ್ರಯೋಗಶಾಲೆಗೆ ಬೀಗ ಬಿತ್ತು.

"ನಿಮ್ಮ ಗ್ಯಾಸ್ ಖರಾಬ್ ಅದ ಸಾವಕಾರ್ರ."

"ಗ್ಯಾಸ್ ಬರೋಬರಿ ಅದ. ನಿಮ್ಮ ಕೈ ಖರಾಬ್ ಅದ."

ಕೆಲವು ವರ್ಷಗಳ ಮೇಲೆ ಅವರದೇ ಹೃದಯ ಕೈಕೊಟ್ಟಿತು. ಆಸ್ಪತ್ರೆಗೆ ಹೋದರೆ, ಮುಖಕ್ಕೆ ಆಮ್ಲಜನಕದ ಮಾಸ್ಕ್. ನನ್ನನ್ನು ಕಂಡದ್ದೇ ಅದನ್ನು ಎತ್ತಿದರು.

"ಸಾವಕಾರ್ರ, ಆ ಪ್ರಯೋಗ ಈಗ ನನ್ನ ಎದಿಯಾಗೇ ನಡದದ ನೋಡ್ರಿ..."

ನರ್ಸ್ ಬೈದು ಮತ್ತೆ ಹಾಕಿದಳು. ಅವಳು ಬೆನ್ನು ತಿರುಗಿಸಿದೊಡನೆ ಮತ್ತೆ ಎತ್ತಿದರು. "ಆ ಕ್ಯಾಲ್ಸಿಯಂ ಅದ ನೋಡ್ರಿ..."

ಅವರವ್ವ ಆಗಲೇ ತೀರಿಕೊಂಡಿದ್ದರು. ಹಾಗಾಗಿ ಕೈಮೇಲೆ ನಾನೇ ಒಂದು ಏಟು ಹಾಕಿದೆ. "ಮುಚ್ಚಳ ಹಾಕ್ರಿ ಡಾಕ್ಟ್ರ. ನಾಳಿ ಕೇಳ್ತೀನಿ."

ಮಾಸ್ಕಿನೊಳಗೆ ನಕ್ಕರು, ಪ್ಲಾಸ್ಟಿಕ್ ಮಬ್ಬಾಯಿತು. ಮರುದಿನ ಹಾಸಿಗೆ ಖಾಲಿ.

ಆ ಮನುಷ್ಯ ತೆರೆಯದೆ ಬಿಟ್ಟು ಹೋದದ್ದು ಆ ಮಾತೊಂದನ್ನೇ.